ವಾರಿಜಕ್ಕ ಉಸಿರು ಹಿಡಿಯುವ ಹೊತ್ತು

ನನ್ನ ಮಾವ ಧರ್ಮಪಾಲ ಠಾಣೆಯ ನೌಪಾಡಾದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವರು. ಸ್ನಾಯುಗಳ ಬಲ ಕುಂದುವ ಕಾಯಿಲೆಯಿಂದ ಈಗ ಅವರ ಕುತ್ತಿಗೆಗೆ ಕೊಳವೆ, ಕೊಳವೆಗೆ ವೆಂಟಿಲೇಟರ್. ಬುದ್ಧಿ ಮಾತ್ರ ಚುರುಕು. ಆಸ್ಪತ್ರೆಯಲ್ಲಿ ದಿನವೂ ತುಟಿಯಲ್ಲೇ ‘ಮನೆಗೆ’ ಎನ್ನುತ್ತಿದ್ದರು. ಪಳಗಿದ ಕೈಯೊಂದು ಸದಾ ಪಕ್ಕದಲ್ಲಿದ್ದರೆ ಮಾತ್ರ ಕಳಿಸುತ್ತೇವೆ ಎಂದರು ಡಾಕ್ಟರು. ರಾತ್ರಿಗೆಂದು, ಭಿವಂಡಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಮನೀಶ್ ಕಲಿತುಕೊಂಡರು. ಹಗಲಿಗೆ ನರ್ಸ್ ಹುಡುಕುವುದು ನನ್ನ ಪಾಲಿಗೆ ಬಂತು. ನಾನೂ ಕಲಿತಿದ್ದೆ, ಆದರೆ ಗೊಂಬೆಯ ಮೇಲೆ. ಮಾವನ ಹತ್ತಿರ ಹೋದರೆ ಕಲಿತದ್ದೆಲ್ಲ ಮರೆತುಹೋಗುತ್ತಿತ್ತು.

ಇಪ್ಪತ್ತೆರಡು ಪ್ರಶ್ನೆ ಬರೆದಿಟ್ಟುಕೊಂಡು ಕಾದೆ. ಮೊದಲು ಬಂದವಳು ವೈಫೈ ಪಾಸ್‌ವರ್ಡ್ ಕೇಳಿದಳು. ಎರಡನೆಯವಳು ಯಂತ್ರದ ಫೋಟೋ ನೋಡಿ, “ಭಾಭಿ, ಯೇ ತೋ ಐಸಿಯುವಾಲಾ ಹೈ” ಎಂದು, ಐಸಿಯು ಯಂತ್ರ ತನ್ನಿಂದಾಗದೆಂಬಂತೆ ಚಪ್ಪಲಿ ಮೆಟ್ಟಿಕೊಂಡಳು.

ಮೂರನೆಯವರು ವಾರಿಜಕ್ಕ. ಕಲ್ಯಾಣದಿಂದ ಬಂದು, ಠಾಣೆಯಲ್ಲಿ ಗಾಡಿ ಬದಲಿಸಿ ನಮ್ಮ ಐರೋಲಿಯಲ್ಲಿ ಇಳಿದಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ಕಾರ್ಕಳದ ಕಡೆಯಿಂದ ಬಂದು ಡೊಂಬಿವಲಿಯ ನರ್ಸಿಂಗ್ ಹೋಮಿನಲ್ಲಿ ನೆಲ ಒರೆಸಿದವರು. ಮೂವತ್ತು ದಾಟಿದ ಮೇಲೆ ನರ್ಸಿಂಗ್ ಓದಿ, ಹದಿನಾರು ವರ್ಷ ಐಸಿಯುನಲ್ಲಿ ದುಡಿದರು. ನನ್ನ ನಾಲ್ಕನೇ ಪ್ರಶ್ನೆಗೇ ಕೈ ಅಡ್ಡ ಹಿಡಿದರು.

“ಇದೆಲ್ಲ ಆಮೇಲೆ ಮಾರಾಯ್ತಿ. ಯಂತ್ರ ನಿಂತ್ರೆ ಕೈಯಲ್ಲಿ ಒತ್ತುವ ಗಾಳಿಚೀಲ ಎಲ್ಲಿಡ್ತೀರಿ? ಮತ್ತೆ, ನಾನು ಹೊರಡುದು ಏಳೂವರೆಗೆ. ನಿಮ್ಮ ಯಜಮಾನ್ರು ಭಿವಂಡಿಯಿಂದ ಬರುದು ಎಂಟಕ್ಕೆ ಅಂದ್ರಿ. ಆ ಅರ್ಧ ಗಂಟೆ ಯಾರು?”

ಮನೆಯಲ್ಲಿ ಉಳಿಯುವುದು ನಾನು ಮತ್ತು ಎರಡು ವರ್ಷದ ಸಂಜನಾ. “ಸದ್ಯಕ್ಕೆ ನಾನೇ ಕೂತ್ಕೊಳ್ತೇನೆ, ನೀವು ಕಲಿಯುವ ತನಕ” ಎಂದರು.

ಮಾವ ಮನೆಗೆ ಬಂದರು. “ಧರ್ಮಣ್ಣ, ಕಫ ತೆಗೀತೇನೆ, ಆಯ್ತಾ?” ಎಂದು ಕೇಳಿ, ಅವರು ಕಣ್ಣು ಮಿಟುಕಿಸಿದ ಮೇಲೆಯೇ ವಾರಿಜಕ್ಕ ವೆಂಟಿಲೇಟರಿನ ಕೊಳವೆ ಬಿಡಿಸುತ್ತಿದ್ದರು. ಆ ಕ್ಷಣ ವಾರಿಜಕ್ಕನ ಮಾಸ್ಕಿನ ಬಟ್ಟೆ ಅಲುಗಾಡುವುದು ನಿಂತುಬಿಡುತ್ತಿತ್ತು. ಅಸಹ್ಯವಾಗುತ್ತಿರಬೇಕು ಎಂದುಕೊಂಡೆ.

“ವಾಸನೆಯಾ ವಾರಿಜಕ್ಕ? ಇನ್ನೊಂದು ಮಾಸ್ಕ್ ಕೊಡ್ಲಾ?”

“ವಾಸನೆ ಅಲ್ಲ ಮಗಾ. ಅವರಿಗೆ ಉಸಿರಿಲ್ಲದಷ್ಟು ಹೊತ್ತು ನನಗೂ ಬೇಡ. ನನ್ನ ಎದೆ ಸಾಕು ಅಂದಾಗ ಅವರದ್ದಕ್ಕೂ ಸಾಕಾಗಿರ್ತದೆ. ಗಡಿಯಾರಕ್ಕೆ ಅದು ಗೊತ್ತುಂಟಾ?”

ತಂದ ಚಹಾದ ಲೋಟವನ್ನು ಅವರ ಪಕ್ಕ ಇಟ್ಟೆ. ದಿನಕ್ಕೆ ಅದೆಷ್ಟು ಸಲ, ಹದಿನಾರು ವರ್ಷ, ಹೆಸರೂ ಗೊತ್ತಿಲ್ಲದವರ ಜೊತೆ ಈ ಹೆಂಗಸು ಉಸಿರು ಹಿಡಿದು ಕುಳಿತಿದ್ದಾರೆ!

ಆರನೆಯ ದಿನ ನಾನೇ ಎಡವಟ್ಟು ಮಾಡಿದೆ. ನೆಲ ಒರೆಸುವಾಗ ಒದ್ದೆಯಲ್ಲಿ ಸಂಜನಾಗೆ ಶಾಕ್ ಹೊಡೆದೀತೆಂದು ಗೋಡೆಯ ಸ್ವಿಚ್ ಆರಿಸಿದೆ. ಯಂತ್ರ ಕೂಗಿತು. ಮಗು ಮಲಗುವ ಹೊತ್ತೆಂದು ಗುಂಡಿ ಒತ್ತಿ ಸುಮ್ಮನಾಗಿಸಿ, ಸ್ವಿಚ್ ಮತ್ತೆ ಹಾಕುವುದನ್ನೇ ಮರೆತೆ. ವಾರಿಜಕ್ಕ ಆಗ ಅಡುಗೆಮನೆಯಲ್ಲಿ, ಮಿಕ್ಸಿಯ ಸದ್ದಿನ ನಡುವೆ ಮಾವನಿಗೆ ಗಂಜಿ ಅರೆಯುತ್ತಿದ್ದರು. ಹತ್ತೇ ನಿಮಿಷದಲ್ಲಿ ಹಳೆಯ ಬ್ಯಾಟರಿ ಸೋತು ಯಂತ್ರ ನಿಂತಿತು.

ನಾನು ಕಿರುಚುವಷ್ಟರಲ್ಲಿ ವಾರಿಜಕ್ಕ ಗಾಳಿಚೀಲ ಕೂಡಿಸಿ ಒತ್ತುತ್ತಿದ್ದರು. “ಸ್ವಿಚ್ ಹಾಕಿ,” ಎಂದರು. ಹಾಕಿದೆ. ಬೈಗುಳಕ್ಕೆ ತಲೆ ತಗ್ಗಿಸಿದೆ. ಅವರು ನನ್ನ ಕೈ ಎಳೆದು ಚೀಲದ ಮೇಲಿಟ್ಟರು.

“ಒತ್ತಿ. ಯಂತ್ರ ನಾನು ನೋಡ್ತೇನೆ.”

ಒತ್ತಿದೆ, ಒಂದೇ ಸಮನೆ.

“ಮೆಲ್ಲ, ಮೆಲ್ಲ! ಹೋಟೆಲಿನ ಸ್ಟವ್ವಿಗೆ ಪಂಪ್ ಹೊಡೆಯುದಾ?”

ಮಾವನ ಕಣ್ಣುಗಳು ನಕ್ಕವು. ನನ್ನ ಅಂಗೈ ಮುಚ್ಚಿದಾಗ ಅವರ ಎದೆ ಏರಿತು, ತೆರೆದಾಗ ಇಳಿಯಿತು. ಸಂಜನಾ ಹುಟ್ಟಿದ ದಿನ ಅವಳ ಪುಟ್ಟ ಎದೆ ಹೀಗೇ ಏರಿಳಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದ್ದೆ.

ದಿನವೂ ಎಂಟರ ತನಕ ಕೂರುತ್ತಿದ್ದ ವಾರಿಜಕ್ಕ ಆ ಸಂಜೆ ಏಳೂವರೆಗೇ ಬ್ಯಾಗ್ ಹೆಗಲಿಗೇರಿಸಿದರು. “ಇವತ್ತು ಹೊರಟೆ,” ಎಂದರು. ನಾನು ತಡೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಮಾವನ ಗಂಟಲು ಗೊರಗುಟ್ಟಿತು.

“ತೆಗೀಲಾ ಮಾವ?”

ಕಣ್ಣು ಮಿಟುಕಿಸಿದರು. ಕೊಳವೆ ಬಿಡಿಸಿ ಉಸಿರು ಹಿಡಿದೆ. ಸಣ್ಣ ನಳಿಗೆ ಇಳಿಸಿ ಕಫ ಎಳೆದು ತೆಗೆದೆ. ನನ್ನ ಎದೆ ಸಾಕು ಎಂದಿತು. ಕೊಳವೆ ಮತ್ತೆ ಕೂಡಿಸಿದಾಗ ನಮ್ಮಿಬ್ಬರಿಗೂ ಒಟ್ಟಿಗೇ ಗಾಳಿ ಬಂತು.