ಈಜುಕೊಳದ ಪಾಚಿಯೂ ಮಲ್ಲೇಶನ ಚೀಲವೂ

ಹೋದ ಶುಕ್ರವಾರ ಆಫೀಸಿಗೆ ರಜೆ ಹಾಕಿದೆ. ಕಾರಣ? ಅಡುಗೆಮನೆಯ ಕಿಟಕಿಯ ಹಿಂದೆ ನಿಂತು ಒಬ್ಬ ಕಳ್ಳನನ್ನು ಹಿಡಿಯಬೇಕಿತ್ತು.

ಲಿಂಗಂಪಲ್ಲಿಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ಈಜುಕೊಳವಿದೆ. (ಹೊಟ್ಟೆ ಉರಿಸಿಕೊಳ್ಳಬೇಡಿ. ಮನೆ ಕೊಂಡಾಗ ಜೊತೆಗೆ ಬಂದದ್ದು. ನಾಲ್ಕು ಸಲ ಕೈ ಬೀಸಿದರೆ ಎದುರು ಗೋಡೆ.) ಎರಡು ತಿಂಗಳಿಂದ ಅದರ ನೀರು ಮಜ್ಜಿಗೆಯಂತೆ ಮಬ್ಬು. ಗೋಡೆಗೆಲ್ಲ ಪಾಚಿ. ಮೆಟ್ಟಿಲ ಮೇಲೆ ಕಾಲಿಟ್ಟರೆ ಜಾರುತ್ತದೆ.

ಕೊಳ ನೋಡಿಕೊಳ್ಳುವ ಮಲ್ಲೇಶ ಪಟಾನ್‌ಚೆರುವಿನಿಂದ ಶುಕ್ರವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಾನೆ. ಕ್ಲೋರಿನ್ ಪುಡಿಯ ಡಬ್ಬ ತಂದಿಡುವವಳು ನಾನು. ಡಬ್ಬ ಖಾಲಿಯಾಗುತ್ತದೆ, ಪಾಚಿ ಹೋಗುವುದಿಲ್ಲ. ಹಾಗಾದರೆ ಪುಡಿ ಎಲ್ಲಿ ಹೋಗುತ್ತಿದೆ?

ಎದುರುಮನೆಯ ಸರೋಜಕ್ಕ ಒಂದು ಸುಳಿವು ಕೊಟ್ಟರು. "ಬರೋವಾಗ ಅವನ ಚೀಲ ಖಾಲಿ ಇರತೈತ್ರಿ. ಹೋಗೋವಾಗ ಭಾಳ ದಪ್ಪ."

ನನಗೆ ಅಷ್ಟು ಸಾಕಾಯಿತು. "ಪುಡಿ ಮಾರಾಕತ್ತಾನ್ರಿ ಅಂವ" ಅಂದುಬಿಟ್ಟೆ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಸರೋಜಕ್ಕನ ಮನೆಯ ಸಂಪನ್ನೂ ಅವರ ಪಕ್ಕದ ಮನೆಯ ಸಂಪನ್ನೂ ಅವನೇ ತೊಳೆಯುತ್ತಿದ್ದ. ಇಬ್ಬರೂ ಅವನನ್ನು ಕೆಲಸದಿಂದ ಬಿಡಿಸಿದರು. ನಾನು ಮಾತ್ರ ಬಿಡಿಸಲಿಲ್ಲ. ಮಾಲು ಸಮೇತ ಹಿಡಿಯಬೇಕೆಂಬ ಹಟ.

ಶುಕ್ರವಾರ ಹತ್ತು ಗಂಟೆ. ಮಲ್ಲೇಶ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ ಪೂರ್ತಿ ಕೊಳಕ್ಕೆ ಸುರಿದ. ಬ್ರಷ್ ಹಿಡಿದು ಗೋಡೆ ಉಜ್ಜಿದ. ಒಂದು ಚಮಚವೂ ಚೀಲಕ್ಕೆ ಹೋಗಲಿಲ್ಲ. ನನಗೆ ನಿರಾಸೆಯಾಯಿತು ಅಂದರೆ ನಂಬುತ್ತೀರಾ?

ಆಗ ಬಂದರು ನಮ್ಮ ಅತ್ತೆ. ರಾಯಚೂರು ಕಡೆಯವರು, ಎರಡು ತಿಂಗಳಿಂದ ನಮ್ಮ ಜೊತೆಗಿದ್ದಾರೆ. ತಲೆ ತುಂಬ ಸೆರಗು, ಕೈಯಲ್ಲಿ ಪೂಜೆಯ ತಟ್ಟೆ. ಮಲ್ಲೇಶ ಬ್ರಷ್ ಕೆಳಗಿಟ್ಟು ಕೈಮುಗಿದು ನಿಂತ. ಅತ್ತೆ ಕೊಳಕ್ಕೆ ಅರಿಶಿನ ಕುಂಕುಮ ಏರಿಸಿ, ಹೂವು ತೇಲಿಬಿಟ್ಟು, ತಂಬಿಗೆ ತುಂಬ ಪಂಚಾಮೃತ ಸುರಿದರು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. (ಪಾಚಿಗೆ ಹಬ್ಬದೂಟ.) ಆಮೇಲೆ ಕಾಯಿ ಒಡೆದು, ಎರಡೂ ಹೋಳುಗಳನ್ನು ಬಾಳೆಹಣ್ಣಿನ ಜೊತೆ ಅವನ ಚೀಲಕ್ಕೆ ಹಾಕಿದರು. ಅವನು ಜಾಲರಿ ಹಿಡಿದು ಹೂವು ತೆಗೆಯತೊಡಗಿದ.

ನಾನು ಹೊರಗೆ ಓಡಿದೆ. "ಅತ್ತೀ, ಏನ್ ಮಾಡಾಕತ್ತೀರಿ?"

"ಮನಿಯಾಗ ಗಂಗವ್ವ ಅದಾಳ. ಶುಕ್ರವಾರ ಪೂಜಿ ಮಾಡದ ಬಿಡಾಕ ಆಗತೈತೇನು?"

ನನಗೇಕೆ ಹೇಳಲಿಲ್ಲ ಎಂದು ಮಲ್ಲೇಶನನ್ನು ತೆಲುಗಿನಲ್ಲಿ ಕೇಳಿದೆ. "ಪೆದ್ದಮ್ಮ ಪೂಜ ಚೇಸ್ತುಂಟೆ ನೇನೆಟ್ಲ ವದ್ದಂಟನಮ್ಮಾ?" ದೊಡ್ಡಮ್ಮ ಪೂಜೆ ಮಾಡುವಾಗ ಬೇಡ ಅಂತ ಹೇಗೆ ಹೇಳಲಿ ಅಂದ. ಆಮೇಲೆ ಮೆಲ್ಲಗೆ, ಆ ಎರಡು ಮನೆಯವರು ಯಾಕೆ ಬರಬೇಡ ಅಂದರು, ನಿಮಗೇನಾದರೂ ಗೊತ್ತಾ ಎಂದು ಕೇಳಿದ. ನಾಚಿಕೆಯಾಯಿತು.

ಸಂಜೆಯೇ ಸರೋಜಕ್ಕನ ಮನೆಗೆ ಹೋದೆ. ತಪ್ಪು ನನ್ನದು, ಮಲ್ಲೇಶ ಒಂದು ಚಿಟಿಕೆ ಪುಡಿಯನ್ನೂ ಮುಟ್ಟಿಲ್ಲ, ಚೀಲದಲ್ಲಿರುವುದು ಅತ್ತೆ ಕೊಡುವ ಕಾಯಿ-ಹಣ್ಣು, ಮತ್ತೆ ಕರೆಯಿರಿ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವು ನೋಡಿದ್ದು ಒಂದು ಶುಕ್ರವಾರ. ಉಳಿದ ಶುಕ್ರವಾರ ಏನ್ ಮಾಡ್ಯಾನೋ ಯಾರಿಗ್ ಗೊತ್ತು? ಸಾಕ್ಷಿ ಏನೈತ್ರಿ?"

ಪಕ್ಕದ ಮನೆಯಲ್ಲೂ ಅದೇ ಮಾತು.

ಕಳ್ಳ ಅಂದಾಗ ಯಾರೂ ಕೇಳದ ಸಾಕ್ಷಿ, ಒಳ್ಳೆಯವನು ಅಂದ ಕೂಡಲೇ ಎಲ್ಲರಿಗೂ ಯಾಕೆ ಬೇಕಾಯಿತು?