ಸುಣ್ಣದ ಮೂರು ಬೆರಳು

ನನ್ನ ಗಂಡ ನಗರಸಭೆಯ ಕ್ರೇನ್ ಓಡಿಸುತ್ತಿದ್ದರು. ಇಪ್ಪತ್ತಾರು ವರ್ಷ. ರಸ್ತೆ ಅಗೆಯುವಾಗ ಬಂಡೆ ಸಿಕ್ಕರೆ ಒಡೆಯಲು ಬಿಡುತ್ತಿರಲಿಲ್ಲ. ಎತ್ತಿಕೊಂಡು ಹೋಗಿ ಬಸ್ ನಿಲ್ದಾಣದ ಪಕ್ಕ, ಆಸ್ಪತ್ರೆಯ ಮುಂದೆ, ಎಲ್ಲಿ ಜಾಗ ಖಾಲಿಯೋ ಅಲ್ಲಿ ಕೂರಿಸುತ್ತಿದ್ದರು. ಮೊದಲು ಮೇಲಿನವರು ಬೈದರು. ಆಮೇಲೆ ಅವರೇ ಅದನ್ನು ಕಲೆ ಅಂದರು. ಜೊತೆಯವರು ಇವರಿಗೆ ಕಲ್ಲಿನ ಬೀಗರು ಅಂತ ಹೆಸರಿಟ್ಟರು.

“ಬೀಗರಿಗೆ ಇಷ್ಟು ಉಪಚಾರ ಮಾಡ್ತೀರಿ, ಮನೆ ಹೆಂಡ್ತಿ ಕಣ್ಣಿಗೆ ಬೀಳಲ್ವಾ?” ಅಂದಿದ್ದೆ ಒಮ್ಮೆ.

“ಕಲ್ಲು ಎದುರು ಮಾತಾಡಲ್ಲ ಕಣೇ,” ಅಂದರು.

ಬಂಡೆ ಗುಂಡಿಯಿಂದ ಹೊರಬಂದ ಕೂಡಲೇ ಕೆಳಗಿಳಿದು, ಮೂರು ಬೆರಳು ಸುಣ್ಣದಲ್ಲಿ ಅದ್ದಿ, ಮಣ್ಣೊಳಗಿದ್ದ ಕೆಂಪು ಮೈಮೇಲೆ ಗೆರೆ ಎಳೆಯುತ್ತಿದ್ದರು. ಲಾರಿಯಲ್ಲಿ ಉರುಳಿದರೂ ಅಡಿ ಯಾವುದು ಅಂತ ಗೊತ್ತಾಗಬೇಕು. ಇಳಿಸುವಾಗ ಆ ಗುರುತು ಮತ್ತೆ ಮಣ್ಣಿಗೇ ಹೋಗಬೇಕು. ಊರ ತುಂಬ ಅವರ ಬಂಡೆಗಳಿವೆ. ಗುರುತು ಎಲ್ಲೂ ಕಾಣುವುದಿಲ್ಲ.

ಗ್ರಂಥಾಲಯದ ಮುಂದಿನದು ಕೊನೆಯದು. ಇಳಿಸುವಾಗಲೇ ಎದೆ ಹಿಡಿದುಕೊಂಡಿತು. ಬಂಡೆಯನ್ನು ಗಾಳಿಯಲ್ಲಿ ಬಿಟ್ಟು ಬರಲಿಲ್ಲ, ಕೆಳಗಿಟ್ಟೇ ಬಂದರು. ಆದರೆ ತಲೆಕೆಳಗು.

“ಬೆರಳು ಮೇಲೇ ಉಳೀತು. ತಿರುಗಿಸಿ ಹಾಕಿಸು,” ಅಂದರು ಆಸ್ಪತ್ರೆಯಲ್ಲಿ. ಮಗಳ ಬಗ್ಗೆ ಏನೂ ಹೇಳಲಿಲ್ಲ. ನನ್ನ ಬಗ್ಗೆಯೂ ಇಲ್ಲ. ನಾಲ್ಕನೇ ದಿನ ಹೋದರು.

ನಾನು ತಿರುಗಿಸಲು ಯಾರಿಗೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಆ ಗೆರೆಗಳ ಮೇಲೆ ನನ್ನ ಬೆರಳು ಇಡುತ್ತಿದ್ದೆ. ಅವರ ಬೆರಳು ದಪ್ಪ. ಎರಡು ತಿಂಗಳು ಹೀಗೇ ಕಳೆದೆ.

ಆಮೇಲೆ ಅವರ ಜೊತೆ ಸರಪಳಿ ಕಟ್ಟುತ್ತಿದ್ದ ಗೆಳೆಯ ಮನೆಗೆ ಬಂದ. “ಅತ್ತಿಗೆ, ನಾಳೆ ಬುಡಕ್ಕೆ ಕಾಂಕ್ರೀಟ್ ಹಾಕ್ತಾರೆ. ಆಮೇಲೆ ಅಲ್ಲಾಡ್ಸೋಕೂ ಆಗಲ್ಲ.”

ಮಾರನೆಯ ದಿನ ಗ್ರಂಥಾಲಯದ ಮುಂದೆ ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಹತ್ತಿರ ಹೋಗಿ, ಬಂಡೆ ತಿರುಗಿಸಿ ಹಾಕಿಸಿ ಅಂದೆ.

“ಬಿಡಮ್ಮ, ಕಲ್ಲಿಗೆ ತಲೆ ಯಾವುದು ಕಾಲು ಯಾವುದು? ಆ ಗೆರೆ ಎಷ್ಟು ಚೆನ್ನಾಗಿದೆ! ಜನ ಫೋಟೋ ತೆಗೀತಾರೆ.”

“ಚೆನ್ನಾಗಿರ್ಲಿ ಅಂತ ಎಳೆದಿದ್ದಲ್ಲ ಸಾರ್. ಈ ಕಡೆ ಕೆಳಗೆ ಅಂತ ಎಳೆದಿದ್ದು.”

ಅವರು ನಕ್ಕರು. ನಾನು ಹೋಗಿ ಬಂಡೆಯ ಮೇಲೆ ಕೂತೆ.

“ಹಾಗಾದ್ರೆ ನನ್ನನ್ನೂ ಸೇರಿಸಿ ಹಾಕಿ ಕಾಂಕ್ರೀಟು.”

ಕೆಲಸದವರು ಕಾಂಕ್ರೀಟ್ ಬಾಣಲೆ ಹಿಡಿದು ನಿಂತೇ ಇದ್ದರು. ಎಂಜಿನಿಯರ್ ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಕೊನೆಗೆ ಕ್ರೇನ್ ಕರೆಸಿದರು.

ಗೆಳೆಯ ಸರಪಳಿ ಬಿಗಿದ. ನನ್ನ ಕಡೆ ತಿರುಗಿದ.

“ಅತ್ತಿಗೆ, ಇನ್ಮೇಲೆ ಕಾಣಲ್ಲ. ನೋಡ್ಕೊಂಡ್ರಾ?”

ಇನ್ನೊಮ್ಮೆ ಬೆರಳು ಇಟ್ಟೆ.

“ನೋಡ್ಕೊಂಡೆ. ಎತ್ತಿಸಪ್ಪ.”

ಬಂಡೆ ಎದ್ದಿತು, ತಿರುಗಿತು. ಗೆರೆಗಳು ಮಣ್ಣಿಗೆ ಹೋದವು. ಬಿಸಿಲು ತಿಂದ ಕಪ್ಪು ಬೆನ್ನು ಮೇಲೆ ಬಂತು. ಕೂತ ಮೇಲೆ ಅದು ಅಲ್ಲಾಡಲಿಲ್ಲ.

ಬೆರಳ ತುದಿಗೆ ಸುಣ್ಣ ಅಂಟಿತ್ತು. ಬಟ್ಟೆಗೆ ಒರೆಸಿಕೊಂಡು ಮನೆಗೆ ಬಂದೆ.