ಎಡಗಡೆಯ ತಟ್ಟು

ಗಡಗಡ, ಗಡಗಡ, ಗಡಗಡ.

ಹರವೆಯ ಊರಾಚೆ ದೊಡ್ಡಮಲ್ಲಪ್ಪನವರ ಕಣದಲ್ಲಿ ಅರಿಶಿನ ಪಾಲಿಷ್ ಮಾಡುವ ಡ್ರಮ್ಮು ಬೆಳಗಿನ ಆರಕ್ಕೇ ತಿರುಗತೊಡಗಿತ್ತು. ಬೇಯಿಸಿ ಒಣಗಿಸಿದ ಕೊಂಬುಗಳು ಅದರ ಹೊಟ್ಟೆಯೊಳಗೆ ಒಂದಕ್ಕೊಂದು ಉಜ್ಜಿಕೊಂಡು ಹೊಳಪೇರುವ ಸದ್ದು ಅದು. ಮೇ ತಿಂಗಳು ಮುಗಿಯುವವರೆಗೂ ಆ ಬೀದಿಯವರಿಗೆ ಬೇರೆ ಗಡಿಯಾರ ಬೇಡ. ಮೃತ್ಯುಂಜಯ ಚಾಪೆಯ ಮೇಲೆ ಕಣ್ಣು ಬಿಟ್ಟು ಅದನ್ನೇ ಕೇಳುತ್ತ ಮಲಗಿದ್ದ. ಆಮೇಲೆ ಬಲಕ್ಕೆ ಮಗ್ಗುಲಾದ. ಸದ್ದು ನಿಂತುಹೋಯಿತು.

ಡ್ರಮ್ಮು ನಿಂತಿರಲಿಲ್ಲ. ಅವನ ಬಲಗಿವಿ ದಿಂಬಿಗೆ ಒತ್ತಿತ್ತು, ಅಷ್ಟೇ.

ತಲೆ ಎತ್ತಿದ. ಗಡಗಡ. ತಲೆ ಇಟ್ಟ. ಏನಿಲ್ಲ. ಮೂರು ತಿಂಗಳಿಂದ ದಿನಾ ಬೆಳಗ್ಗೆ ಹೀಗೊಂದು ಸಲ ನೋಡಿಕೊಳ್ಳುತ್ತಿದ್ದ. ಸಂತೆಯಲ್ಲಿ ಕಳೆದುಕೊಂಡ ವಸ್ತುವಿಗೆ ಮನೆಗೆ ಬಂದಮೇಲೂ ಜೇಬು ತಡಕುವಂತೆ.

ಇವತ್ತು ಹನ್ನೊಂದು ಗಂಟೆಗೆ ಚಾಮರಾಜನಗರದಲ್ಲಿ ಅವನಿಗೆ ಡ್ರೈವಿಂಗ್ ಟೆಸ್ಟ್ ಇತ್ತು. ನಲವತ್ತೊಂಬತ್ತು ವರ್ಷದ, ಇಪ್ಪತ್ತೆರಡು ವರ್ಷ ಲಾರಿ ಓಡಿಸಿದ ಮೃತ್ಯುಂಜಯನಿಗೆ.

ತಪ್ಪು ಅವನದೇ. ಲೈಸೆನ್ಸ್ ಕಾರ್ಡಿನ ಮೇಲೆ ಎರಡು ತಾರೀಕು ಇರುತ್ತವೆ. ಒಂದು ಸ್ವಂತದ ಗಾಡಿಗೆ, ಇನ್ನೊಂದು ಬಾಡಿಗೆ ಸಾಗಣೆಯ ಗಾಡಿಗೆ. ಮೊದಲನೆಯದಕ್ಕೆ ಆಯುಸ್ಸು ಜಾಸ್ತಿ. ಎರಡನೆಯದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಡಾಕ್ಟರ ಸರ್ಟಿಫಿಕೇಟೂ ಬೇಕು. ಮೃತ್ಯುಂಜಯ ದೂರದ ತಾರೀಕು ನೋಡಿಕೊಂಡು ನಿಶ್ಚಿಂತೆಯಾಗಿದ್ದ. ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಬಸ್ ಡ್ರೈವರ್ ಬೇಕೆಂದಾಗ ಕಾರ್ಡಿನ ನಕಲು ತೆಗೆದುಕೊಂಡು ಹೋದ. ಅಲ್ಲಿನ ಗುಮಾಸ್ತರು ಕನ್ನಡಕ ಮೇಲೇರಿಸಿ, "ಇದು ಮುಗಿದು ವರ್ಷದ ಮೇಲೆ ಎರಡು ತಿಂಗಳಾಗಿದೆಯಲ್ರೀ" ಎಂದರು. ವರ್ಷದೊಳಗೆ ಅರ್ಜಿ ಹಾಕಿದ್ದರೆ ಸಾಕಿತ್ತು. ವರ್ಷ ದಾಟಿದರೆ ಹೊಸಬನ ಹಾಗೆ ಗಾಡಿ ಓಡಿಸಿ ತೋರಿಸಬೇಕು.

ಆ ಹದಿನಾಲ್ಕು ತಿಂಗಳು ತಾನು ಬಂಡೀಪುರದ ಕಾಡು ದಾಟಿ ಕೇರಳಕ್ಕೆ ಎಷ್ಟು ಸಲ ತರಕಾರಿ ಹೊತ್ತೆ ಎಂದು ಅವನು ಎಣಿಸಲು ಹೋಗಲಿಲ್ಲ. ಅವತ್ತೇ ಲಾರಿ ಮಾಲೀಕ ಬಸವಯ್ಯನವರಿಗೆ ಬೀಗದ ಕೈ ಒಪ್ಪಿಸಿದ. ಅವನ ಜಾಗಕ್ಕೆ ಶಿವಣ್ಣ ಎಂಬ ಡ್ರೈವರ್ ಬಂದ. ಈಗ ಉಳಿದಿರುವುದು ಶಾಲೆಯ ಬಸ್ಸೊಂದೇ, ಅದೂ ಸೋಮವಾರದವರೆಗೆ ಮಾತ್ರ. ಸೋಮವಾರ ಶಾಲೆ ಶುರು. ಅಷ್ಟರಲ್ಲಿ ಕಾರ್ಡು ಕೈಗೆ ಬರದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದಿದ್ದರು.

ಹೆಂಡತಿ ಶಾಂತಮಲ್ಲಮ್ಮ ರೊಟ್ಟಿಯ ತಟ್ಟೆ ತಂದು ಅವನ ಬಲಕ್ಕೆ ಕೂತಳು. "ಡಾಕ್ಟ್ರು ಕಿವಿ ನೋಡಿದ್ರಾ?"

"ನೋಡಿದ್ರು."

"ಎರಡೂವಾ?"

ಅವನು ರೊಟ್ಟಿ ಮುರಿದ. "ಯಾಕ್ ಹಂಗ್ ಕೇಳ್ತೀಯ?"

"ಎರಡು ವರ್ಷದಿಂದ ನಾನು ಸುತ್ಕೊಂಡು ಬಲಗಡೆಗೇ ಬಂದು ಮಾತಾಡ್ತಾ ಇವ್ನಿ ಕಣ್ರಿ. ನಿಮ್ಗೆ ಗೊತ್ತಿಲ್ದಿದ್ರೂ ನಂಗೊತ್ತು." ಅವಳು ದನಿ ಏರಿಸಲಿಲ್ಲ. ಚಟ್ನಿ ಬಡಿಸಿ ಎದ್ದುಹೋದಳು.

ಅರ್ಜಿ ತುಂಬಿಸಿದ್ದು ಮಗಳು ಕಾವ್ಯಶ್ರೀ, ತನ್ನ ಫೋನಿನಲ್ಲಿ. ಒಂದೊಂದೇ ಪ್ರಶ್ನೆ ಓದಿ ಹೇಳಿದ್ದಳು. ಮೂರ್ಛೆ ಬರುತ್ತಾ ಅಪ್ಪಾಜಿ? ಇಲ್ಲ. ರಾತ್ರಿ ಕಣ್ಣು ಕಾಣಲ್ವಾ? ಕಾಣ್ತದೆ. ಮಾಮೂಲಿ ಹಾರನ್ನು ಕೇಳಿಸದಷ್ಟು ಕಿವುಡಿದೆಯಾ? ಆಗ ಅವನು ಒಂದು ಗಳಿಗೆ ತಡೆದು, "ಇಲ್ಲ ಅಂತ ಬರಿ ಕಣಮ್ಮಿ" ಎಂದಿದ್ದ. ಸುಳ್ಳೆಂದು ಅನಿಸಿರಲಿಲ್ಲ. ಹಾರನ್ನು ಬಲಗಿವಿಗೆ ಕೇಳಿಸುತ್ತಿತ್ತಲ್ಲ.

ಡಾಕ್ಟರ ಹತ್ತಿರ ಮಾಡಿದ್ದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿದ್ದೇ ಮಾಡಿದ್ದು. ಡಾಕ್ಟರು ಹಿಂದೆ ನಿಂತು ಅವನ ಬಲಗಿವಿಯನ್ನು ಅಂಗೈಯಿಂದ ಮುಚ್ಚಿ, ಮೆಲ್ಲಗೆ ಅಂಕಿಗಳನ್ನು ಹೇಳುತ್ತ ಹೋದರು. ಎದುರಿಗೆ ಔಷಧಿಯ ಬೀರು. ಅದರ ಗಾಜಿನಲ್ಲಿ ಡಾಕ್ಟರ ಮುಖ. ಇಪ್ಪತ್ತೆರಡು ವರ್ಷ ಕನ್ನಡಿಯಲ್ಲಿ ಹಿಂದಿನದನ್ನು ನೋಡಿಕೊಂಡೇ ಬದುಕಿದವನು ಅವನು. ತುಟಿ ನೋಡಿ ಹೇಳಿದ. ಏಳು. ಮೂರು. ಒಂಬತ್ತು. ಮೂರೂ ಸರಿ. ಡಾಕ್ಟರು ಸಹಿ ಹಾಕಿದರು. ಹೊರಗೆ ಬಂದಾಗ ಅವನ ಬೆನ್ನೆಲ್ಲ ಬೆವೆತಿತ್ತು.

ಕಿವಿ ಹೋದದ್ದು ಲಾರಿಯಿಂದಲೇ. ಹಳೇ ಲಾರಿಗಳಲ್ಲಿ ಇಂಜಿನ್ನಿನ ಪೆಟ್ಟಿಗೆ ಡ್ರೈವರನ ಎಡ ಮಗ್ಗುಲಿಗೇ ಇರುತ್ತದೆ. ಕಾದ ಪೆಟ್ಟಿಗೆ ದಿನವಿಡೀ ಎಡಗಿವಿಗೆ ಅರಚುತ್ತದೆ. ಅದರ ಆಚೆ ಕ್ಲೀನರ್ ಚಿಕ್ಕಮಾದು. ಮೃತ್ಯುಂಜಯನಿಗಿಂತ ಹತ್ತು ವರ್ಷ ದೊಡ್ಡವನು, ಉಮ್ಮತ್ತೂರಿನವನು, ಸ್ಟೇರಿಂಗ್ ಕೊಡುತ್ತೇನೆಂದರೂ ಮುಟ್ಟದವನು. "ನಂಗೆ ಮುಂದ್ಕೋಗೋದು ಬ್ಯಾಡ ಕಣ್ಲಾ, ಇಂದ್ಕೆ ಬರೋದ್ನ ನೋಡ್ಕತೀನಿ" ಎನ್ನುತ್ತಿದ್ದ. ಹರವೆಯ ಬೀದಿಯಲ್ಲಿ ಎದುರಾದರೆ ಮೃತ್ಯುಂಜಯ ಅವನಿಗೆ 'ಸ್ವಾಮಿ'. ಹಂಗಳ ದಾಟಿ ಕಾಡಿನ ಗೇಟು ಬಂತೆಂದರೆ 'ಏನ್ಲಾ'. ಇದನ್ನು ಇಬ್ಬರೂ ಒಂದು ದಿನವೂ ಮಾತಾಡಿಕೊಂಡಿರಲಿಲ್ಲ.

ಚಿಕ್ಕಮಾದುವಿನ ಕೈ ಎಂದರೆ ಲಾರಿಗೆ ನಾಲಿಗೆ. ಲಾರಿ ಹಿಂದಕ್ಕೆ ಬರುವಾಗ ಅವನು ಮಗ್ಗುಲಲ್ಲಿ ನಡೆಯುತ್ತ ತಗಡಿಗೆ ತಟ್ಟುತ್ತಿದ್ದ. ಎರಡು ತಟ್ಟಿದರೆ ಬಾ. ಒಂದು ತಟ್ಟಿದರೆ ನಿಲ್ಲು. ಆ ತಟ್ಟು ಬಾಡಿಯಿಂದ ಬಾಗಿಲಿಗೆ, ಬಾಗಿಲಿಂದ ಮೃತ್ಯುಂಜಯನ ಮೊಣಕೈಗೆ ಬರುತ್ತಿತ್ತು. ಕೇಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ವರ್ಷಗಟ್ಟಲೆ ಮೊಣಕೈಯಲ್ಲೇ ಕೇಳುತ್ತಿದ್ದ.

*

ಚಾಮರಾಜನಗರದಲ್ಲಿ ಬಸ್ಸಿಳಿದು ಆರ್‌ಟಿಓ ಆಫೀಸಿನ ಅಂಗಳಕ್ಕೆ ಬಂದಾಗ ಹತ್ತೂವರೆ. ಬಸವಯ್ಯನವರು ಟೆಸ್ಟಿಗೆಂದು ಹಳೇ ಲಾರಿಯನ್ನೇ ಕಳಿಸಿಕೊಟ್ಟಿದ್ದರು. ಶಿವಣ್ಣ ಅದನ್ನು ನೇರಳೆ ಮರದ ಕೆಳಗೆ ನಿಲ್ಲಿಸಿ ಟೀ ಕುಡಿಯಲು ಹೋಗಿದ್ದ. ಚಿಕ್ಕಮಾದು ಗಾಜು ಒರೆಸುತ್ತಿದ್ದ.

"ಏನ್ ಸ್ವಾಮಿ, ಮದ್ವೆ ಗಂಡಿನಂಗೆ ಬಿಳೀ ಅಂಗಿ!"

"ಸುಮ್ನಿರು ಮಾದಣ್ಣ. ಫೇಲಾದ್ರೆ ಏನ್ ಗತಿ."

"ಇಪ್ಪತ್ತೆಲ್ಡು ವರ್ಸ ಗಾಟ್‌ನಲ್ಲಿ ಇಳ್ದವ್ರು, ಈ ಅಂಗ್ಳದಲ್ಲಿ ಬಿದ್ದೋಯ್ತೀರಾ? ಬುಡಿ." ಆಮೇಲೆ ಬಟ್ಟೆ ಹಿಂಡುತ್ತ, ನೋಡದೆಯೇ ಕೇಳಿದ. "ಸಾಯಬ್ರು ಎಲ್ಲಿ ಕೂತ್ಕೋತಾರೆ?"

ಎಲ್ಲಿ ಕೂರುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಎಡಗಡೆ.

ಬಂದವರು ಒಬ್ಬ ಹುಡುಗಿ ಇನ್‌ಸ್ಪೆಕ್ಟರು. ಮೂವತ್ತೂ ದಾಟಿರಲಿಕ್ಕಿಲ್ಲ. ಕಾಗದ ನೋಡಿ, ದೂರದಲ್ಲಿ ನಿಂತ ಜೀಪಿನ ನಂಬರು ಓದಿಸಿದರು. ಓದಿದ. ಲಾರಿ ಹತ್ತಿ ಎಡಗಡೆ ಕೂತರು. ತುಟಿ ಅಲುಗಿತು.

ಗೊತ್ತಾಗಲಿಲ್ಲ. ಅವನು ಮುಖ ಪೂರ್ತಿ ಅವರ ಕಡೆ ತಿರುಗಿಸಿದ. "ಏನಂದ್ರಿ ಮೇಡಂ?"

"ಬೆಲ್ಟ್ ಹಾಕ್ಕೊಳ್ಳಿ ಅಂದೆ."

ಮೆಲುದನಿಯವರು. ಇಂಜಿನ್ ಶುರುವಾದರೆ ಆ ದನಿ ಪೂರ್ತಿ ಮುಳುಗುತ್ತದೆ. ಅವನು ಒಳಗಿನ ಕನ್ನಡಿಯನ್ನು ಸರಿಪಡಿಸಿದಂತೆ ಮಾಡಿ ಅವರ ಮುಖ ಸಿಗುವ ಹಾಗೆ ತಿರುಗಿಸಿಕೊಂಡ. ಬೀಗದ ಕೈ ತಿರುವಿದ.

ಮುಂದೆ. ಬಲಕ್ಕೆ. ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡು. ಒಂದೊಂದು ಮಾತನ್ನೂ ಅವನು ಕನ್ನಡಿಯಿಂದ ಹೆಕ್ಕಿಕೊಂಡ. ಒಂದು ಸಲ ಅವರು ಕಿಟಕಿಯಾಚೆ ತಿರುಗಿ ಏನೋ ಹೇಳಿದರು. ಕನ್ನಡಿಯಲ್ಲಿ ಜಡೆ ಮಾತ್ರ ಕಂಡಿತು. ಅಂದಾಜಿನಲ್ಲಿ ಎಡಕ್ಕೆ ತಿರುಗಿಸಿದ. ಅವರು ಸುಮ್ಮನಿದ್ದರು. ಅಂದಾಜು ಸರಿಯಾಗಿತ್ತು.

ಕೊನೆಗೆ ಉಳಿದದ್ದು ಹಿಂದಕ್ಕೆ ತಂದು ಎರಡು ಕಂಬಗಳ ನಡುವೆ ನಿಲ್ಲಿಸುವುದು. ಇದು ಅವನಿಗೆ ಊಟಕ್ಕೆ ಕೂತಷ್ಟು ಸಲೀಸು. ಗೇರು ಹಾಕಿದ. ಎರಡೂ ಕಡೆಯ ಕನ್ನಡಿಯಲ್ಲಿ ಕಂಬಗಳು ಮೆಲ್ಲನೆ ಹತ್ತಿರ ಬಂದವು. ಎಡಗಡೆಯದರಲ್ಲಿ ಚಿಕ್ಕಮಾದು ಹಳೇ ಅಭ್ಯಾಸದಂತೆ ಲಾರಿಯ ಮಗ್ಗುಲಲ್ಲಿ ನಡೆಯುತ್ತಿದ್ದ. ಇನ್ನೂ ಎಂಟಡಿ. ಆರಡಿ. ಒಳಗಿನ ಕನ್ನಡಿಯನ್ನು ಅವನು ಮರೆತೇಬಿಟ್ಟಿದ್ದ.

ಡಬ್!

ಮೊಣಕೈಗೆ ಬಂತು. ಒಂದೇ ಒಂದು ತಟ್ಟು. ಯಾಕೆ, ಏನು ಎಂದು ತಿಳಿಯುವ ಮೊದಲೇ ಅವನ ಕಾಲು ಬ್ರೇಕಿನ ಮೇಲಿತ್ತು. ಲಾರಿ ಒಮ್ಮೆ ನಡುಗಿ ನಿಂತಿತು.

ತಿರುಗಿ ನೋಡಿದರೆ ಇನ್‌ಸ್ಪೆಕ್ಟರು ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿದ್ದರು. ಎಡ ಹಿಂಬದಿಯಿಂದ ಐದಾರು ವರ್ಷದ ಹುಡುಗಿಯೊಬ್ಬಳು ಅಂಗಳದ ಆ ಬದಿಗೆ ಓಡುತ್ತಿದ್ದಳು. ಲಂಗದ ತುಂಬ ನೇರಳೆ ಹಣ್ಣು. ಯಾರೋ ಹೆಂಗಸು ಓಡಿಬಂದು ಅವಳ ಬೆನ್ನಿಗೊಂದು ಗುದ್ದಿ ಎಳೆದುಕೊಂಡಳು.

ಇನ್‌ಸ್ಪೆಕ್ಟರು ಒಳಗೆ ಬಂದು ಉಸಿರು ಬಿಟ್ಟರು. ಈ ಸಲ ಅವನ ಮುಖ ನೋಡಿಯೇ ಮಾತಾಡಿದರು. "ನಿಲ್ಸಿ ಅಂತ ಅಂದ ತಕ್ಷಣ ನಿಲ್ಸಿದ್ರಿ. ಬೆಳಗ್ಗೆಯಿಂದ ಆರು ಜನ ಬಂದ್ರು, ಅವ್ರಲ್ಲಿ ಯಾರಾಗಿದ್ರೂ ಇಷ್ಟು ಬೇಗ ನಿಲ್ಸ್ತಿರ್ಲಿಲ್ಲ. ಅನುಭವ ಅಂದ್ರೆ ಇದು." ಕಾಗದದ ಮೇಲೆ ಏನೋ ಗುರುತು ಮಾಡಿಕೊಂಡರು. "ಪಾಸ್. ಹೊರಗೆ ಕೂತಿರಿ. ಸಹಿ ಮಾಡಿ ಕಂಪ್ಯೂಟರಿಗೆ ಹಾಕ್ತೀನಿ, ಅರ್ಧ ಗಂಟೆ."

ಮೃತ್ಯುಂಜಯ ಕೈಮುಗಿದ. ಖುಷಿಗೆಂದು ಅವರು ತಿಳಿದಿರಬೇಕು.

*

ಮರದ ಕೆಳಗಿನ ಕಲ್ಲಿನ ಮೇಲೆ ಚಿಕ್ಕಮಾದು ಬೀಡಿ ಹಚ್ಚದೆ ಬೆರಳಲ್ಲಿ ಹಿಡಿದು ಕೂತಿದ್ದ. ಮೃತ್ಯುಂಜಯ ಪಕ್ಕಕ್ಕೆ ಬಂದು ಕೂತ.

"ಪಾಸಂತೆ."

"ಊಂ."

"ಆಯಮ್ಮ ನಿಲ್ಸು ಅಂದಿದ್ರಂತೆ."

"ಅಂದ್ರು. ನಾನೂ ಕೂಗ್ದೆ. ಕೂಗ್ತಾನೇ ತಟ್ದೆ." ಚಿಕ್ಕಮಾದು ಅಂಗಳದ ಕಡೆ ನೋಡುತ್ತಿದ್ದ. "ಕೇಳ್ತಾ?"

"ತಟ್ಟಿದ್ದು ಗೊತ್ತಾಯ್ತು."

"ಕೂಗಿದ್ದು ಕೇಳ್ತಾ ಅಂದೆ."

ಮೃತ್ಯುಂಜಯ ಕಾಲಡಿಯ ನೇರಳೆಯೊಂದನ್ನು ಹೆಬ್ಬೆರಳಿಂದ ಒತ್ತಿದ.

"ನಂಗೊತ್ತು ಕಣ್ಲಾ," ಎಂದ ಚಿಕ್ಕಮಾದು. ಊರ ಜನ ಓಡಾಡುವ ಜಾಗದಲ್ಲಿ, ಹಗಲು ಹೊತ್ತಿನಲ್ಲಿ, ಅವನ ಬಾಯಲ್ಲಿ ಆ 'ಲಾ' ಬಂದದ್ದು ಅದೇ ಮೊದಲು. ಅವನು ಅದನ್ನು ತಿದ್ದಿಕೊಳ್ಳಲಿಲ್ಲ. "ನಾಕ್ ವರ್ಸದಿಂದ ಗೊತ್ತು. ಗೊತ್ತಿದ್ದೇ ಜೋರಾಗಿ ತಟ್ತಿದ್ದೆ. ತಗ್ಡು ತಗ್ಗು ಬಿದ್ದದೆ ನೋಡೋಗು, ಬಸವಯ್ನೋರು ಬಯ್ತಾನೇ ಇರ್ತಾರೆ. ಮೊಟಕೋಸು ಮೂಟೆ ಒತ್ಕೊಂಡೋಗಕೆ ನಾನಿದ್ದೆ ಬುಡು. ಇಸ್ಕೂಲ್ ಬಸ್ಸಲ್ಲಿ ಯಾರ್ಲಾ ತಟ್ಟೋರು?"

"ಅಲ್ಲಿ ಆಯಾ ಇರ್ತಾಳೆ. ಬಸ್ಸಿನ ಬಾಡೀನೂ ತಗಡೇ." ಹೇಳುವಾಗಲೇ ಅವನಿಗೆ ತನ್ನ ಮಾತು ಬೇಡವೆನಿಸಿತು. "ಮಾದಣ್ಣ, ಇದು ಬಿಟ್ರೆ ನಂಗೆ ಬೇರೆ ಕಸುಬು ಬರಲ್ಲ. ಅರಿಶಿನದ ಕಣದಲ್ಲಿ ಮೂಟೆ ಹೊರ್ಲಾ ಈ ವಯಸ್ಸಲ್ಲಿ?"

"ಒರ್ಬೌದು. ನಾನು ಒರ್ತೀನಲ್ಲ."

ಅದು ಕುಹಕವಾಗಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು. ಆಫೀಸಿನ ಕಿಟಕಿಯಲ್ಲಿ ಇನ್‌ಸ್ಪೆಕ್ಟರ ತಲೆ ಬಗ್ಗಿರುವುದು ಕಾಣುತ್ತಿತ್ತು. ಪಕ್ಕದಲ್ಲಿ ಕಾಗದದ ಕಟ್ಟು. ಯಾವುದು ಅವನದೋ. ಇನ್ನೊಂದು ಕಾಲು ಗಂಟೆ ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಐದು ವರ್ಷ ಯಾರೂ ಕೇಳುವುದಿಲ್ಲ.

ಚಿಕ್ಕಮಾದು ತಟ್ಟನೆ ಅವನ ತೋಳು ಹಿಡಿದು ಗಲ್ಲದಿಂದಲೇ ಎಡಕ್ಕೆ ತೋರಿಸಿದ. "ಆ ಮಗು ಆಗ್ಲಿಂದ ಕರೀತಾ ಅದೆ."

ಮೃತ್ಯುಂಜಯ ತಿರುಗಿದ. ಎರಡು ಗೇಣು ದೂರದಲ್ಲಿ ಆ ಹುಡುಗಿ ನಿಂತಿದ್ದಳು. ತುಟಿ, ನಾಲಿಗೆ, ಗಲ್ಲವೆಲ್ಲ ನೇರಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕಣ್ಣಲ್ಲಿ ನೀರು ಬಂದಿತ್ತು.

"ಮಾವ, ಎಷ್ಟ್ ಸಲ ಕೂಗೋದು? ನನ್ ಚಪ್ಲಿ ನಿನ್ ಲಾರಿ ಕೆಳ್ಗೆ ಅದೆ. ಅವ್ವ ಹೊಡೀತಾಳೆ."

ಅವನು ಎದ್ದು ಹೋಗಿ ಲಾರಿಯ ಹಿಂದೆ ಮಂಡಿಯೂರಿದ. ಎಡ ಹಿಂಬದಿಯ ಗಾಲಿಯ ಹಿಂದೆ, ಮಣ್ಣಿನ ಮೇಲೆ, ಗುಲಾಬಿ ಬಣ್ಣದ ರಬ್ಬರ್ ಚಪ್ಪಲಿ. ಪಟ್ಟಿಯ ಮೇಲೊಂದು ಪ್ಲಾಸ್ಟಿಕ್ ಚಿಟ್ಟೆ. ಟೈರಿಗೂ ಅದಕ್ಕೂ ನಡುವೆ ಅವನು ಬೆರಳಿಟ್ಟು ನೋಡಿದ. ನಾಲ್ಕು ಬೆರಳು. ಐದನೆಯದಕ್ಕೆ ಜಾಗವಿರಲಿಲ್ಲ.

ಚಪ್ಪಲಿ ಎತ್ತಿ ಮಣ್ಣು ಒರೆಸಿ ಅವಳಿಗೆ ಕೊಟ್ಟ. ಅವಳು ಏನೋ ಹೇಳಿ ಓಡಿದಳು. ಈ ಸಲ ಬಲಕ್ಕೆ ನಿಂತಿದ್ದರೂ ಅವನಿಗೆ ಕೇಳಿಸಲಿಲ್ಲ, ತಲೆಯೊಳಗೆ ಬೆಳಗಿನ ಡ್ರಮ್ಮು ತಿರುಗುತ್ತಿತ್ತು.

ಮಂಡಿಯ ಮಣ್ಣು ಕೊಡವಿಕೊಂಡು ಆಫೀಸಿನ ಕಿಟಕಿಯ ಕಡೆ ನೋಡಿದ. ಇನ್‌ಸ್ಪೆಕ್ಟರು ಒಂದು ಕಾಗದ ತೆಗೆದು ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

"ಎಲ್ಗೆ ಒಂಟ್ಯಲಾ?" ಚಿಕ್ಕಮಾದು ಕಲ್ಲಿನಿಂದ ಅರ್ಧ ಎದ್ದಿದ್ದ. "ಸೋಮ್ವಾರ... ಇಸ್ಕೂಲು..."

"ಇಲ್ಲೇ ಇರು ಮಾದಣ್ಣ," ಎಂದ ಮೃತ್ಯುಂಜಯ, ಆಗಲೇ ಹೆಜ್ಜೆ ಹಾಕುತ್ತ, ಹಿಂದಕ್ಕೆ ನೋಡದೆ. "ಆಯಮ್ಮ ಸಹಿ ಹಾಕೋಕೆ ಮುಂಚೆ ಒಂದ್ ಮಾತು, ನನ್ನ ಎಡಗಿವಿ ಆ ಡಾಕ್ಟ್ರು ನೋಡಿದಾಗ ಎದುರ್ಗಡೆ ಗಾಜಿನ ಬೀರು ಇತ್ತು ಅಂತ, ನಾನೇ ಹೋಗಿ ಹೇಳಿ ಬರ್ತೀನಿ."